ಉಡುಪಿ ಹೋಟೆಲ್ ಸರಣಿಯ ಐಟಿ ದೂರುಗಳನ್ನು ಡೇಟಾಬೇಸಿಗೆ ತಂದ ಬಗೆ: ಮುಂಬಯಿಯ ಒಂದು ಪ್ರಕರಣ ಅಧ್ಯಯನ

ಮಾಟುಂಗದಿಂದ ಡೊಂಬಿವಲಿಯವರೆಗೆ 14 ಶಾಖೆಗಳಿರುವ ಒಂದು ಉಡುಪಿ ಹೋಟೆಲ್ ಸರಣಿಯನ್ನು ತೆಗೆದುಕೊಳ್ಳೋಣ. ಮುಂಬಯಿಯಲ್ಲಿ ಇಂಥ ಸಂಸ್ಥೆಗಳು ಬೇಕಾದಷ್ಟಿವೆ. ಹೆಸರಿನ ಅಗತ್ಯವಿಲ್ಲ, ಅಂಕಿಗಳನ್ನೂ ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಹಿಡಿದಿದೆ. ಪ್ರತಿ ಶಾಖೆಯಲ್ಲಿ ಎರಡು ಬಿಲ್ಲಿಂಗ್ ಕಂಪ್ಯೂಟರ್, ಗಲ್ಲಾದಲ್ಲೊಂದು ಅಡುಗೆಮನೆಯಲ್ಲೊಂದು 80 ಮಿ.ಮೀ. ಥರ್ಮಲ್ ಪ್ರಿಂಟರ್, ಆನ್‌ಲೈನ್ ಆರ್ಡರಿಗೆ ಒಂದು ಟ್ಯಾಬ್ಲೆಟ್, ರೌಟರ್, ಸಿಸಿಟಿವಿ. ಘಾಟ್ಕೋಪರದ ಕೇಂದ್ರ ಕಚೇರಿಯಲ್ಲಿ ನಾಲ್ಕು ಜನರ ಐಟಿ ತಂಡ. ದೂರುಗಳು ಫ್ರೆಶ್‌ಸರ್ವಿಸ್ ಎಂಬ ಆನ್‌ಲೈನ್ ದೂರು ನಿರ್ವಹಣಾ ಸೇವೆಯಲ್ಲಿ ಒಂದೊಂದು ಟಿಕೆಟ್ ಆಗಿ ದಾಖಲಾಗುತ್ತವೆ: ದಿನಕ್ಕೆ 35-40 ಟಿಕೆಟ್, ತಿಂಗಳಿಗೆ ಹೆಚ್ಚುಕಡಿಮೆ 1,100.

ಪ್ರಿಂಟರುಗಳ ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರು ನವೀಕರಿಸುವ ಹೊತ್ತಿಗೆ ಧಣಿಗಳ ಪ್ರಶ್ನೆ ಬಂತು. ಯಾವ ಶಾಖೆಯ ಯಾವ ಪ್ರಿಂಟರ್ ವರ್ಷದಲ್ಲಿ ಎಷ್ಟು ಸಲ ಕೆಟ್ಟಿದೆ? ರಿಪೇರಿಯವರು ಎಷ್ಟು ಹೊತ್ತಿಗೆ ಬಂದಿದ್ದಾರೆ? ಅಷ್ಟು ಹೊತ್ತು ಎಷ್ಟು ಬಿಲ್ ನಿಂತಿದೆ? ಮೊದಲ ಎರಡಕ್ಕೆ ಉತ್ತರ ಫ್ರೆಶ್‌ಸರ್ವಿಸ್‌ನಲ್ಲಿದೆ. ಮೂರನೆಯದು ಬಿಲ್ಲಿಂಗ್ ದತ್ತಾಂಶದಲ್ಲಿದೆ, ಅದು ಕಚೇರಿಯದೇ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕೂತಿದೆ. ಪ್ರಿಂಟರಿನ ಸೀರಿಯಲ್ ನಂಬರು, ಎಎಂಸಿ ಬಿಲ್ಲು ಎಲ್ಲ ಅದೇ ಡೇಟಾಬೇಸಿನ ಇನ್ನೊಂದು ಟೇಬಲಿನಲ್ಲಿವೆ. ಟಿಕೆಟ್‌ಗಳು ಅಲ್ಲಿಗೆ ಬಾರದೆ ಪ್ರಶ್ನೆಗೆ ಉತ್ತರವಿಲ್ಲ. ತಂಡದಲ್ಲಿ ಪ್ರೋಗ್ರಾಮ್ ಬರೆಯುವವರು ಯಾರೂ ಇಲ್ಲ. ಡೇಟಾಬೇಸಿನೊಂದಿಗೆ ಮಾತಾಡುವ ಭಾಷೆಯಾದ ಎಸ್‌ಕ್ಯೂಎಲ್ ಬಲ್ಲವರು ಒಬ್ಬರಿದ್ದಾರೆ. ಕೋಡ್ ಬರೆಯದೆ ವರ್ಕ್‌ಫ್ಲೋ, ಅಂದರೆ ತಾನಾಗಿ ನಡೆಯುವ ಹೆಜ್ಜೆಗಳ ಸರಣಿ, ಕಟ್ಟುವ ಸಲಕರಣೆಗಳು ಹೇಳಿ ಮಾಡಿಸಿದ್ದು ಇಂಥ ತಂಡಕ್ಕೇ.

ಫ್ರೆಶ್‌ಸರ್ವಿಸ್, ಪೋಸ್ಟ್‌ಗ್ರೆಸ್ ಎರಡನ್ನು ಜೋಡಿಸುವುದು ಅರ್ಧ ದಿನದ ಕೆಲಸ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ: ಅದೇ ಕೆಲಸ ಎರಡು ಸಲ ನಡೆದರೂ ಡೇಟಾಬೇಸ್ ಕೆಡಬಾರದು, ನಡುವೆ ನಿಂತು ಹೋದರೂ ಒಂದು ಟಿಕೆಟ್ ತಪ್ಪಬಾರದು. ಮುಂದಿನ ಪ್ರತಿಯೊಂದು ಆಯ್ಕೆಯೂ ಈ ಎರಡು ಮಾತಿನಿಂದಲೇ ಹೊರಟದ್ದು.

ಎಕ್ಸೆಲ್ ಎಲ್ಲಿ ಕೈಕೊಟ್ಟಿತು

ಅದಕ್ಕೂ ಮೊದಲು ನಡೆಯುತ್ತಿದ್ದದ್ದು ಪ್ರತಿ ಸೋಮವಾರದ ಸಿಎಸ್‌ವಿ, ಅಂದರೆ ಎಕ್ಸೆಲ್‌ನಲ್ಲಿ ತೆರೆಯುವ ಸರಳ ಪಠ್ಯದ ಪಟ್ಟಿ. ಫ್ರೆಶ್‌ಸರ್ವಿಸ್‌ನಿಂದ ಇಳಿಸಿ, ಹಳೆಯ ಹಾಳೆಯ ಕೆಳಗೆ ಅಂಟಿಸಿ, ವಿ-ಲುಕಪ್ ಹಾಕಿ ಪ್ರಿಂಟರ್ ಪಟ್ಟಿಯೊಂದಿಗೆ ಹೊಂದಿಸುವುದು. ಹೋದ ವಾರ ತೆರೆದು ಈ ವಾರ ಮುಚ್ಚಿದ ಟಿಕೆಟ್ ಹಾಳೆಯಲ್ಲಿ ಎರಡು ಸಲ ಬರುತ್ತಿತ್ತು, ಎಣಿಕೆಯೂ ಎರಡಾಗುತ್ತಿತ್ತು. ಕುಂದಾಪುರ ಕಡೆಯ ಮ್ಯಾನೇಜರುಗಳು ಕನ್ನಡದಲ್ಲೇ ಬರೆಯುವ ದೂರುಗಳು, "ಕಿಚನ್ ಪ್ರಿಂಟರ್ ಹೋಯ್ತು ಮಾರಾಯ್ರೆ, ಆರ್ಡರ್ ಬಾಯಲ್ಲೇ ಹೇಳ್ತಾ ಇದ್ದೇವೆ" ಎಂಬಂಥವು, ಸಿಎಸ್‌ವಿಯನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗುತ್ತಿದ್ದವು. ಫೈಲ್ ಯುಟಿಎಫ್-8 (ಎಲ್ಲ ಲಿಪಿಗಳಿಗೂ ಒಗ್ಗುವ ಅಕ್ಷರ ಸಂಕೇತ) ಎಂದು ಹೇಳುವ ಗುರುತು ಮೊದಲಲ್ಲಿ ಇಲ್ಲದಿದ್ದರೆ ಎಕ್ಸೆಲ್ ತಪ್ಪಾಗಿ ಊಹಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಶಾಖೆಯ ಹೆಸರು. ಘಾಟ್ಕೋಪರ್ ಈಸ್ಟ್, ಘಾಟಕೋಪರ ಪೂರ್ವ, ಬರೀ ಜಿಕೆಪಿ: ಮೂರೂ ಒಂದೇ ಹೋಟೆಲ್.

ಶಾಖೆಯ ಹೆಸರಿನ ಗೊಂದಲವನ್ನು ಯಾವ ಆಟೋಮೇಶನ್ನೂ ಬಿಡಿಸುವುದಿಲ್ಲ, ಅದೇ ಗೊಂದಲವನ್ನು ಬೇಗ ಸಾಗಿಸುತ್ತದೆ ಅಷ್ಟೆ. ಆದ್ದರಿಂದ ಮೊದಲ ಕೆಲಸ ನಡೆದದ್ದು ಫ್ರೆಶ್‌ಸರ್ವಿಸ್‌ನ ಟಿಕೆಟ್ ಫಾರ್ಮಿನಲ್ಲಿ. ಶಾಖೆಗೆ ಒಂದು ಡ್ರಾಪ್‌ಡೌನ್, 14 ಕೋಡ್, ಕಡ್ಡಾಯ. ಆದರೆ ಇಮೇಲಿನಲ್ಲಿ ಬಂದ ಟಿಕೆಟ್ ಫಾರ್ಮಿನ ಮೂಲಕ ಹಾಯುವುದಿಲ್ಲ, ಕಡ್ಡಾಯ ಕಾಲಂ ಖಾಲಿಯೇ ಇರುತ್ತದೆ. ಪ್ರತಿ ಶಾಖೆಗೂ ಒಂದೊಂದೇ ಇಮೇಲ್ ವಿಳಾಸ ಇದ್ದುದರಿಂದ, ದೂರು ಕೊಟ್ಟವರ ವಿಳಾಸ ನೋಡಿ ಶಾಖೆಯ ಕೋಡ್ ತುಂಬುವ ನಿಯಮವನ್ನು ಫ್ರೆಶ್‌ಸರ್ವಿಸ್‌ನ ವರ್ಕ್‌ಫ್ಲೋ ಆಟೊಮೇಟರಿನಲ್ಲೇ ಹಾಕಲಾಯಿತು. ಫೋನಿನಲ್ಲಿ ಬಂದ ದೂರನ್ನು ತಂಡದವರೇ ದಾಖಲಿಸುವುದರಿಂದ ಅಲ್ಲಿ ತೊಂದರೆಯಿಲ್ಲ.

ಎಳೆದು ತರುವುದೋ, ಅವರೇ ಕಳುಹಿಸಲೋ

ದಾರಿ ಎರಡು. ಟಿಕೆಟ್ ಬದಲಾದ ಕೂಡಲೇ ಫ್ರೆಶ್‌ಸರ್ವಿಸ್ ವೆಬ್‌ಹುಕ್ ಮೂಲಕ ಸುದ್ದಿ ಕಳುಹಿಸುವುದು ಒಂದು. ನಾವೇ ನಿಯತವಾಗಿ ಹೋಗಿ "ಆಗಿನಿಂದ ಏನು ಬದಲಾಗಿದೆ?" ಎಂದು ಕೇಳುವುದು ಇನ್ನೊಂದು. ಮೊದಲನೆಯದು ಚುರುಕು, ಎಲ್ಲರ ಕಣ್ಣು ಮೊದಲು ಹೋಗುವುದು ಅದರ ಮೇಲೇ. ಆದರೆ ವೆಬ್‌ಹುಕ್ ಬರಬೇಕಾದರೆ ಕಚೇರಿಯ ಸರ್ವರಿಗೆ ಹೊರಗಿನಿಂದ ತಲುಪುವ ಎಚ್‌ಟಿಟಿಪಿಎಸ್ ವಿಳಾಸ ಬೇಕು, ರೌಟರಿನಲ್ಲಿ ಬಾಗಿಲು ತೆರೆಯಬೇಕು. ಜುಲೈ ಮಳೆಯಲ್ಲಿ ಬ್ರಾಡ್‌ಬ್ಯಾಂಡ್ ಎರಡು ತಾಸು ಹೋದರೆ ಆ ಹೊತ್ತಿನ ಸುದ್ದಿಗಳು ಬಂದವೋ ಇಲ್ಲವೋ ಎಂದು ಆಮೇಲೆ ಕುಳಿತು ಹುಡುಕಬೇಕು. ಎಳೆದು ತರುವ ವ್ಯವಸ್ಥೆಯಲ್ಲಿ ಲೈನು ಬಂದ ಮೇಲಿನ ಮೊದಲ ಸುತ್ತಿನಲ್ಲೇ ತಪ್ಪಿದ್ದೆಲ್ಲ ಬರುತ್ತದೆ. ಧಣಿಗಳ ಪ್ರಶ್ನೆಗೆ ಹತ್ತು ನಿಮಿಷ ಹಳೆಯ ಮಾಹಿತಿ ಧಾರಾಳ ಸಾಕು. ಎಳೆಯುವುದೇ ಆಯ್ಕೆಯಾಯಿತು: 10 ನಿಮಿಷಕ್ಕೊಮ್ಮೆ, ದಿನಕ್ಕೆ 144 ಸುತ್ತು.

ವರ್ಕ್‌ಫ್ಲೋ ಕಟ್ಟುವ ಸಲಕರಣೆಯಾಗಿ ಎನ್8ಎನ್ ಬಂದದ್ದೂ ಇದೇ ಕಾರಣಕ್ಕೆ. ಇಂಥದೇ ಸಲಕರಣೆಗಳಾದ ಜೇಪಿಯರ್, ಮೇಕ್ ಎರಡೂ ಕ್ಲೌಡಿನಲ್ಲಿ ಓಡುತ್ತವೆ. ಅಲ್ಲಿಂದ ಕಚೇರಿಯೊಳಗಿನ ಪೋಸ್ಟ್‌ಗ್ರೆಸ್ ಮುಟ್ಟಬೇಕಾದರೆ ಅದರ ಬಾಗಿಲಾದ 5432 ಪೋರ್ಟನ್ನು ಜಗತ್ತಿಗೆ ತೆರೆದಿಡಬೇಕು, ಇಲ್ಲವೇ ಸುರಕ್ಷಿತ ಜೋಡಣೆಯ ಸುರಂಗ (ಟನಲ್) ಕಟ್ಟಬೇಕು. ಡೇಟಾಬೇಸ್ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯುವುದು ಯಾವ ಕಾರಣಕ್ಕೂ ಬೇಡ. ಮೇಲಾಗಿ ಅವುಗಳ ದರ ನಿಂತಿರುವುದು ಎಷ್ಟು ಹೆಜ್ಜೆ ಓಡಿತು ಎಂಬುದರ ಮೇಲೆ. ದಿನಕ್ಕೆ 144 ಸಲ ಕೇಳುವ ಕೆಲಸಕ್ಕೆ ಅದು ಹಿಡಿಸದು. ಎನ್8ಎನ್ ಅನ್ನು ಸ್ವಂತ ಯಂತ್ರದಲ್ಲಿ ಡಾಕರ್ ಮೂಲಕ, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯೊಳಗೆ, ನಡೆಸಬಹುದು. ಅದು ಒಳಗಿನಿಂದ ಹೊರಗೆ ಹೋಗಿ ಕೇಳುತ್ತದೆ, ಒಳಬರುವ ಬಾಗಿಲು ಬೇಡ. 4 ಜಿಬಿ ರ‍್ಯಾಮ್ ಇರುವ ಒಂದು ಮಿನಿ ಕಂಪ್ಯೂಟರ್, ಉಬುಂಟು, ಒಂದು ಯುಪಿಎಸ್: ಇಷ್ಟು ಸಾಕು.

ಡಾಕರಿನಲ್ಲಿ ಮೊದಲ ದಿನವೇ ಎಲ್ಲರೂ ಎಡವುವ ಕಲ್ಲೊಂದಿದೆ. ಎನ್8ಎನ್‌ನಲ್ಲಿ ಡೇಟಾಬೇಸಿನ ವಿಳಾಸಕ್ಕೆ 'ಲೋಕಲ್‌ಹೋಸ್ಟ್' ಎಂದು ಬರೆದರೆ 'ಕನೆಕ್ಷನ್ ರೆಫ್ಯೂಸ್ಡ್' ಎಂಬ ದೋಷ ಬರುತ್ತದೆ. ಕಂಟೇನರಿನ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ ಹೊರತು ಹೊರಗಿನ ಯಂತ್ರವಲ್ಲ. ಪೋಸ್ಟ್‌ಗ್ರೆಸ್ ಕೂಡ ಅದೇ ಕಂಪೋಸ್ ಫೈಲಿನಲ್ಲಿ (ಯಾವ ಕಂಟೇನರುಗಳು ಹೇಗೆ ಓಡಬೇಕೆಂದು ಡಾಕರಿಗೆ ಹೇಳುವ ಫೈಲು) ಇದ್ದರೆ ಅದಕ್ಕೆ ಅಲ್ಲಿ ಕೊಟ್ಟಿರುವ ಸರ್ವಿಸ್ ಹೆಸರನ್ನೂ, ಬೇರೆ ಯಂತ್ರದಲ್ಲಿದ್ದರೆ ಆ ಯಂತ್ರದ ಐಪಿಯನ್ನೂ ಬರೆಯಬೇಕು.

ಕಂಪೋಸ್ ಫೈಲಿನಲ್ಲಿ ಇನ್ನೆರಡು ಸಾಲು ಮರೆಯಬಾರದು. ಎನ್8ಎನ್ ತನ್ನಲ್ಲಿಟ್ಟುಕೊಂಡ ಪಾಸ್‌ವರ್ಡುಗಳನ್ನು ಒಂದು ಎನ್‌ಕ್ರಿಪ್ಶನ್ ಕೀಲಿಯಿಂದ ಮುಚ್ಚಿಡುತ್ತದೆ. ಅದನ್ನು ನಾವೇ ಕೊಟ್ಟು ಬೇರೊಂದು ಕಡೆ ಬರೆದಿಡಬೇಕು, ಕಂಟೇನರಿನ ಹೊರಗೆ ದತ್ತಾಂಶ ಉಳಿಯುವ ಜಾಗವಾದ ವಾಲ್ಯೂಮ್ ಕೂಡ ಜೋಡಿಸಿರಬೇಕು. ಇಲ್ಲದಿದ್ದರೆ ಕಂಟೇನರನ್ನು ಹೊಸದಾಗಿ ಕಟ್ಟಿದ ದಿನ ವರ್ಕ್‌ಫ್ಲೋ ಬ್ಯಾಕಪ್ ಕೈಯಲ್ಲಿದ್ದರೂ ಪಾಸ್‌ವರ್ಡುಗಳನ್ನು ಓದಲು ಬಾರದು. ಎರಡನೆಯದು ಟೈಮ್‌ಝೋನ್. ಎನ್8ಎನ್ ಹುಟ್ಟಿನಿಂದ ನ್ಯೂಯಾರ್ಕ್ ಸಮಯದಲ್ಲಿರುತ್ತದೆ. ಬೆಳಗ್ಗೆ 7ಕ್ಕೆ ಇಟ್ಟ ವರದಿ ಬೇಸಿಗೆಯಲ್ಲಿ ಮುಂಬಯಿಗೆ ಸಂಜೆ 4:30ಕ್ಕೆ, ಚಳಿಗಾಲದಲ್ಲಿ 5:30ಕ್ಕೆ ಬರುತ್ತದೆ. 'ಏಷ್ಯಾ/ಕೋಲ್ಕತಾ' ಎಂದು ಬದಲಿಸಬೇಕು.

ಮೊದಲು ಟೇಬಲ್, ಆಮೇಲೆ ವರ್ಕ್‌ಫ್ಲೋ

ಟಿಕೆಟ್ ಟೇಬಲಿಗೆ ಫ್ರೆಶ್‌ಸರ್ವಿಸ್ ಕೊಡುವ ಟಿಕೆಟ್ ಸಂಖ್ಯೆಯೇ ಪ್ರೈಮರಿ ಕೀ, ಅಂದರೆ ಎರಡು ಸಾಲಿಗೆ ಒಂದೇ ಆಗಿರಲಾರದ ಗುರುತು. ತನ್ನಷ್ಟಕ್ಕೆ ಏರುವ ಬೇರೆ ಸಂಖ್ಯೆ ಕೊಟ್ಟರೆ ಎಕ್ಸೆಲ್‌ನ ಜೋಡಿ ಸಾಲುಗಳ ಕಾಟ ಇಲ್ಲೂ ಶುರುವಾಗುತ್ತದೆ. ಫ್ರೆಶ್‌ಸರ್ವಿಸ್ ಕೊಡುವ ಸಂಖ್ಯೆಗಳ ಕಾಲಂಗಳೆಲ್ಲ ಬಿಗ್‌ಇಂಟ್ (ದೊಡ್ಡ ಪೂರ್ಣಾಂಕ) ಆಗಿರಬೇಕು. ಏಜೆಂಟ್ (ದೂರು ನಿಭಾಯಿಸುವವರು), ಗ್ರೂಪ್, ದೂರುದಾರರ ಐಡಿಗಳು ಹನ್ನೊಂದು ಅಂಕಿಯವರೆಗೂ ಹೋಗುತ್ತವೆ. ಸಾಧಾರಣ ಇಂಟಿಜರ್ 2,14,74,83,647ಕ್ಕೆ ಮುಗಿಯುವುದರಿಂದ 'ಔಟ್ ಆಫ್ ರೇಂಜ್' ದೋಷ ಖಚಿತ. ಸಮಯದ ಕಾಲಂಗಳೆಲ್ಲ ಟೈಮ್‌ಝೋನ್ ಸಹಿತವಾದ ಟೈಮ್‌ಸ್ಟ್ಯಾಂಪ್. ಏಕೆಂಬುದು ಮುಂದೆ ಬರುತ್ತದೆ.

ಸ್ಟೇಟಸ್ ಸಂಖ್ಯೆಯಾಗಿ ಬರುತ್ತದೆ: 2 ತೆರೆದದ್ದು, 3 ತಡೆಹಿಡಿದದ್ದು, 4 ಪರಿಹಾರವಾದದ್ದು, 5 ಮುಚ್ಚಿದ್ದು. ಆದ್ಯತೆ 1ರಿಂದ 4, ಕಡಿಮೆಯಿಂದ ತುರ್ತಿನವರೆಗೆ. ಸಂಖ್ಯೆಯನ್ನೇ ಇಟ್ಟುಕೊಂಡು ಹೆಸರುಗಳಿಗೆ ಪುಟ್ಟ ಟೇಬಲ್ ಮಾಡುವುದು ಮೇಲು. ವರ್ಕ್‌ಫ್ಲೋ ಒಳಗೆ ಹೆಸರಿಗೆ ಬದಲಿಸಿದರೆ, ನಾಳೆ ಹೊಸ ಸ್ಟೇಟಸ್ ಸೇರಿಸಿದಾಗ ಆ ಟಿಕೆಟ್‌ಗಳು ಹೆಸರಿಲ್ಲದೆ ಕೂರುತ್ತವೆ, ಮೂಲ ಸಂಖ್ಯೆಯೂ ಕಳೆದಿರುತ್ತದೆ.

ಬಂದ ಪೂರ್ತಿ ಟಿಕೆಟನ್ನು, ಯಾವ ರೂಪದ ದತ್ತಾಂಶವನ್ನೂ ಇಟ್ಟುಕೊಳ್ಳುವ ಜೇಸನ್‌ಬಿ ಕಾಲಂ ಒಂದರಲ್ಲಿ ಹಾಗೆಯೇ ಇಡಲಾಯಿತು. ಆರು ತಿಂಗಳ ಮೇಲೆ "ಇದು ಯಾವ ಮೂಲದಿಂದ ಬಂದ ದೂರು?" ಎಂದು ಯಾರಾದರೂ ಕೇಳಿದರೆ ಹಳೆಯದನ್ನೆಲ್ಲ ಮತ್ತೆ ತರಿಸಬೇಕಿಲ್ಲ, ಆ ಕಾಲಂನಿಂದ ಹೆಕ್ಕಿದರಾಯಿತು. ಆದರೆ ಹಾಗೆಯೇ ಇಡುವ ಮುಂಚೆ ವಿವರಣೆಯ ಭಾಗವನ್ನು ತೆಗೆಯಲೇಬೇಕು. ಹೋಟೆಲಿನ ಐಟಿ ದೂರುಗಳಲ್ಲಿ "ಯುಪಿಐ ದುಡ್ಡು ಕಟ್ ಆಗಿದೆ, ಸ್ಪೀಕರ್ ಕೂಗಲಿಲ್ಲ" ಎನ್ನುವಂಥವು ಬಹಳ. ಮ್ಯಾನೇಜರ್ ಗಿರಾಕಿಯ ಮೊಬೈಲ್ ನಂಬರು, 12 ಅಂಕಿಯ ವ್ಯವಹಾರ ಸಂಖ್ಯೆ ಎರಡನ್ನೂ ಅಲ್ಲೇ ಬರೆದಿರುತ್ತಾರೆ. ಪ್ರಿಂಟರಿನ ಲೆಕ್ಕಕ್ಕೆ ಗಿರಾಕಿಯ ನಂಬರು ಬೇಕಿಲ್ಲ. ಬೇಡದ ವೈಯಕ್ತಿಕ ಮಾಹಿತಿ ಒಟ್ಟುಮಾಡಿಡುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯಕ್ಕೂ ಹೊಂದುವುದಿಲ್ಲ.

ಎನ್8ಎನ್‌ಗೆ ಪೋಸ್ಟ್‌ಗ್ರೆಸ್‌ನಲ್ಲಿ ಪ್ರತ್ಯೇಕ ಬಳಕೆದಾರ. ಆ ಟೇಬಲುಗಳಲ್ಲಿ ಓದಲು, ಸೇರಿಸಲು, ತಿದ್ದಲು ಮಾತ್ರ ಅನುಮತಿ. ಅಳಿಸಲು ಇಲ್ಲ. ಬಿಲ್ಲಿಂಗ್ ಟೇಬಲುಗಳ ಕಡೆ ಅದು ಇಣುಕಿಯೂ ನೋಡುವಂತಿಲ್ಲ. ವರದಿಗೆ ಬಳಸುವ ಮೆಟಾಬೇಸ್‌ಗೆ ಓದುವ ಹಕ್ಕಿನ ಇನ್ನೊಬ್ಬ ಬಳಕೆದಾರ.

ಕೀಲಿ ಯಾರದು

ಬೇರೆ ಪ್ರೋಗ್ರಾಮುಗಳು ಫ್ರೆಶ್‌ಸರ್ವಿಸ್‌ನಿಂದ ಮಾಹಿತಿ ಕೇಳುವ ದಾರಿ ಎಪಿಐ. ಅದರ ಕೀಲಿ ಏಜೆಂಟ್ ಒಬ್ಬರ ಪ್ರೊಫೈಲಿನಲ್ಲಿ ಸಿಗುತ್ತದೆ. ಎನ್8ಎನ್‌ನ ಬೇಸಿಕ್ ಆಥ್‌ನಲ್ಲಿ (ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವ ವಿಧಾನ) ಕೀಲಿಯನ್ನು ಬಳಕೆದಾರರ ಹೆಸರಿನ ಜಾಗದಲ್ಲಿ ಹಾಕಬೇಕು, ಪಾಸ್‌ವರ್ಡಿನ ಜಾಗಕ್ಕೆ ಎಕ್ಸ್ ಅಕ್ಷರವೊಂದು ಸಾಕು. ಯಾರೋ ಒಬ್ಬರ ಸ್ವಂತ ಕೀಲಿ ಬಳಸಿದರೆ ಅವರು ಕೆಲಸ ಬಿಟ್ಟ ದಿನ, ಖಾತೆ ನಿಂತ ಕೂಡಲೇ, ಎಲ್ಲವೂ ನಿಲ್ಲುತ್ತದೆ. ಒಂದು ಲೈಸೆನ್ಸ್ ಖರ್ಚಾದರೂ ಈ ಕೆಲಸಕ್ಕೇ ಒಂದು ಏಜೆಂಟ್ ಖಾತೆ ಇಡುವುದು ಒಳಿತು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕೀಲಿಗೆ ಕಾಣುವುದು ಆ ಏಜೆಂಟಿಗೆ ಕಾಣುವಷ್ಟೇ. ಖಾತೆಯ ವ್ಯಾಪ್ತಿಯನ್ನು ಒಂದು ಗ್ರೂಪಿಗೆ ಮಿತಿಗೊಳಿಸಿದ್ದರೆ ಎಪಿಐ ದೋಷ ಹೇಳುವುದಿಲ್ಲ, ಕಡಿಮೆ ಟಿಕೆಟ್ ಕೊಡುತ್ತದೆ. ಎಲ್ಲ ಹಸಿರು, ಲೆಕ್ಕ ಮಾತ್ರ ತಪ್ಪು. ಇದನ್ನು ಹಿಡಿಯಲು ಇರುವ ಉಪಾಯ ಒಂದೇ: ಯಾವುದಾದರೂ ಒಂದು ತಿಂಗಳ ಟಿಕೆಟ್ ಸಂಖ್ಯೆಯನ್ನು ಅಡ್ಮಿನ್ ಖಾತೆಯಿಂದ ಪರದೆಯ ಮೇಲೆ ನೋಡಿ, ಡೇಟಾಬೇಸಿನ ಎಣಿಕೆಯೊಂದಿಗೆ ತಾಳೆ ಹಾಕುವುದು. ಇದಾಗುವ ತನಕ ಯಾವ ವರದಿಯನ್ನೂ ಧಣಿಗಳ ಮುಂದಿಡಬಾರದು.

ಏಳು ನೋಡ್

ಎನ್8ಎನ್‌ನಲ್ಲಿ ವರ್ಕ್‌ಫ್ಲೋನ ಒಂದೊಂದು ಹೆಜ್ಜೆಯೂ ಒಂದು ನೋಡ್, ಫ್ರೆಶ್‌ಸರ್ವಿಸ್‌ಗೇ ಮೀಸಲಾದ ನೋಡ್ ಕೂಡ ಇದೆ. ಆದರೂ ಇಲ್ಲಿ ಎಚ್‌ಟಿಟಿಪಿ ರಿಕ್ವೆಸ್ಟ್ ನೋಡ್ ಬಳಸಿದ್ದು ಪುಟ, ಸಮಯ ಎರಡರ ಮೇಲೂ ಪೂರ್ತಿ ಹಿಡಿತ ಬೇಕೆಂದು.

ಮೊದಲನೆಯದು 10 ನಿಮಿಷದ ಶೆಡ್ಯೂಲ್ ಟ್ರಿಗರ್.

ಎರಡನೆಯದು ಪೋಸ್ಟ್‌ಗ್ರೆಸ್ ನೋಡ್. 'ಗುರುತು' ಎಂಬ ಒಂದೇ ಸಾಲಿನ ಟೇಬಲಿನಿಂದ ಕಳೆದ ಯಶಸ್ವಿ ಸುತ್ತು ಯಾವಾಗ ಶುರುವಾಯಿತು ಎಂದು ಓದಿ, ಅದರಿಂದ 15 ನಿಮಿಷ ಹಿಂದೆ ಸರಿದ ಸಮಯ ಕೊಡುತ್ತದೆ. ಜತೆಗೆ ಈಗಿನ ಸಮಯವನ್ನೂ ಕೊಡುತ್ತದೆ. ಆ 15 ನಿಮಿಷ ಏಕೆ? ನಮ್ಮ ಯಂತ್ರದ ಗಡಿಯಾರಕ್ಕೂ ಅವರದಕ್ಕೂ ಚೂರು ವ್ಯತ್ಯಾಸವಿರಬಹುದು. ಪುಟಗಳನ್ನು ಓದುತ್ತಿರುವಾಗಲೇ ಟಿಕೆಟೊಂದು ಬದಲಾಗಿ ಪುಟದಿಂದ ಪುಟಕ್ಕೆ ಜಾರಬಹುದು. ಕೆಲವು ಟಿಕೆಟ್ ಮತ್ತೆ ಬಂದರೆ ನಷ್ಟವಿಲ್ಲ, ಟಿಕೆಟ್ ಸಂಖ್ಯೆ ಪ್ರೈಮರಿ ಕೀ ಆಗಿರುವುದು ಅದಕ್ಕೇ.

ಗುರುತಿನ ಬಗ್ಗೆ ಇನ್ನೊಂದು ಮಾತು. ಟಿಕೆಟ್ ಟೇಬಲಿನಲ್ಲಿರುವ ಅತಿ ಇತ್ತೀಚಿನ ಬದಲಾವಣೆಯ ಸಮಯವನ್ನೇ ಗುರುತಾಗಿ ಬಳಸುವವರು ಬಹಳ ಮಂದಿ. ಬೇರೆ ಟೇಬಲ್ ಬೇಡ, ಸುಲಭ. ಆದರೆ ಪುಟ ಬಂದಂತೆಲ್ಲ ಬರೆಯುವ ವ್ಯವಸ್ಥೆಯಲ್ಲಿ, ಹೊಸ ಟಿಕೆಟ್‌ಗಳಿರುವ ಮೊದಲ ಪುಟ ಬರೆದು, ಎರಡನೇ ಪುಟಕ್ಕೆ ಹೋಗುವಾಗ ಲೈನು ಕಡಿದರೆ? ಟೇಬಲಿನಲ್ಲಿ ಹೊಸ ಸಮಯ ಆಗಲೇ ಕೂತಿದೆ. ಮುಂದಿನ ಸುತ್ತು ಅಲ್ಲಿಂದ ಮುಂದಕ್ಕೆ ಕೇಳುತ್ತದೆ, ಎರಡನೇ ಪುಟದ ಟಿಕೆಟ್‌ಗಳು ಹೋದವು, ಯಾವ ದೋಷವೂ ಇಲ್ಲದೆ. ಆದ್ದರಿಂದ ಗುರುತು ಬೇರೆಯೇ ಇರಬೇಕು, ಎಲ್ಲ ಪುಟ ಬರೆದಾದ ಮೇಲೆ ಮಾತ್ರ ಮುಂದೆ ಸರಿಯಬೇಕು.

ಮೂರನೆಯದು ಎಚ್‌ಟಿಟಿಪಿ ರಿಕ್ವೆಸ್ಟ್. ಟಿಕೆಟ್‌ಗಳ ಪಟ್ಟಿಯ ಎಪಿಐಗೆ ನಾಲ್ಕು ಮಾಹಿತಿ ಕೊಡಬೇಕು: ಯಾವಾಗಿನಿಂದ ಬದಲಾದವು ಎಂಬ ಸಮಯ, ಪುಟಕ್ಕೆ 100 ಟಿಕೆಟ್, ಪುಟದ ಸಂಖ್ಯೆ, ಮತ್ತು ಮೊದಲ ಉತ್ತರ, ಪರಿಹಾರದ ಸಮಯಗಳನ್ನು ತರುವ 'ಸ್ಟ್ಯಾಟ್ಸ್'. ಪುಟಕ್ಕೆ 100 ಗರಿಷ್ಠ, ಹೇಳದಿದ್ದರೆ 30. ನೋಡ್‌ನ ಪೇಜಿನೇಶನ್ (ಪುಟದ ಮೇಲೆ ಪುಟ ತರುವ) ಆಯ್ಕೆಯಲ್ಲಿ ಪುಟದ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಎಪಿಐಯಲ್ಲಿ ಒಂದರಿಂದ. ಹಾಗಾಗಿ ಒಂದು ಕೂಡಿಸಿ ಕಳುಹಿಸಬೇಕು. ಟಿಕೆಟ್ ಪಟ್ಟಿ ಖಾಲಿ ಬಂದಾಗ ನಿಲ್ಲು ಎಂಬ ಷರತ್ತು, ಪುಟಗಳ ನಡುವೆ ಒಂದು ಸೆಕೆಂಡ್ ಬಿಡುವು, ಒಟ್ಟು ಪುಟಗಳಿಗೆ 50ರ ಮಿತಿ. ನಿಲ್ಲುವ ಷರತ್ತು ತಪ್ಪಾಗಿ ಬರೆದರೆ ಕೊನೆಯಿಲ್ಲದೆ ಓಡದಂತೆ ಈ ಮಿತಿ ಕಾಯುತ್ತದೆ. ಸಾಮಾನ್ಯ ಸುತ್ತಿನಲ್ಲಿ ಒಂದೇ ಪುಟ ಬರುವುದು, ಅದೂ ಪೂರ್ತಿ ತುಂಬಿರುವುದಿಲ್ಲ.

ನಾಲ್ಕನೆಯದು ಸ್ಪ್ಲಿಟ್ ಔಟ್: ಪಟ್ಟಿಯನ್ನು ಬಿಡಿ ಟಿಕೆಟ್‌ಗಳಾಗಿ ಒಡೆಯುತ್ತದೆ. ಐದನೆಯದು ಎಡಿಟ್ ಫೀಲ್ಡ್ಸ್: ಯಾವ ಕಾಲಂಗೆ ಏನು ಎಂದು ಹೊಂದಿಸಿ, ವಿವರಣೆಯನ್ನು ಕಿತ್ತುಹಾಕುತ್ತದೆ.

ಆರನೆಯದು ಪೋಸ್ಟ್‌ಗ್ರೆಸ್‌ನ 'ಇನ್ಸರ್ಟ್ ಆರ್ ಅಪ್‌ಡೇಟ್', ಹೊಂದಿಸುವ ಕಾಲಂ ಟಿಕೆಟ್ ಸಂಖ್ಯೆ. ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು. ಇದು ಪೋಸ್ಟ್‌ಗ್ರೆಸ್ 9.5ರಿಂದ ಬಂದಿರುವ 'ಆನ್ ಕಾನ್‌ಫ್ಲಿಕ್ಟ್' ಸೌಲಭ್ಯದ ಮೇಲೆ ನಿಂತಿದೆ, ಆ ಕಾಲಂ ಮೇಲೆ ಪ್ರೈಮರಿ ಕೀ ಅಥವಾ ಯುನೀಕ್ ನಿರ್ಬಂಧ ಇಲ್ಲದಿದ್ದರೆ ನಡೆಯುವುದಿಲ್ಲ. ಕ್ವೆರಿಯನ್ನು (ಡೇಟಾಬೇಸಿಗೆ ಕೊಡುವ ಎಸ್‌ಕ್ಯೂಎಲ್ ಆದೇಶ) ಕೈಯಲ್ಲೇ ಬರೆದು ಟಿಕೆಟಿನ ಶೀರ್ಷಿಕೆಯನ್ನು ಅದರೊಳಗೆ ನೇರ ತುರುಕುವುದು ಬೇಡ. ಇಂಗ್ಲಿಷಿನಲ್ಲಿ "ಮ್ಯಾನೇಜರ್'ಸ್ ಕೌಂಟರ್" ಎಂದು ಯಾರಾದರೂ ಬರೆದ ದಿನ, ಆ ಒಂದು ಚಿಹ್ನೆ ಎಸ್‌ಕ್ಯೂಎಲ್ ಪದಪುಂಜವನ್ನು ಅಲ್ಲಿಗೇ ಮುಗಿಸಿ ದೋಷ ತರುತ್ತದೆ. ಕೆಟ್ಟ ಮನಸ್ಸಿನವರು ಬರೆದರೆ ದೋಷಕ್ಕಿಂತ ಹೆಚ್ಚಿನದೂ ಆದೀತು. ಕ್ವೆರಿ ಬರೆಯಲೇಬೇಕಾದರೆ ಮೌಲ್ಯಗಳನ್ನು ಕ್ವೆರಿ ಪ್ಯಾರಾಮೀಟರ್ ಆಗಿ ಬೇರೆ ಕೊಡಬೇಕು.

ಬರೆಯಲಾಗದ ಸಾಲು ಬಂದರೆ 'ದೋಷವಿದ್ದರೂ ಮುಂದುವರಿ' ಎಂದು ಸುಮ್ಮನೆ ಬಿಡಬಾರದು. ಬಿಟ್ಟರೆ ಗುರುತು ಮುಂದೆ ಹೋಗುತ್ತದೆ, ಟಿಕೆಟ್ ಹಿಂದೆ ಉಳಿಯುತ್ತದೆ. ನೋಡ್‌ನ ದೋಷದ ದಾರಿಯನ್ನು 'ತಿರಸ್ಕೃತ' ಎಂಬ ಟೇಬಲಿಗೆ ತಿರುಗಿಸಿ ಅಲ್ಲಿ ಇಡೀ ಟಿಕೆಟನ್ನು ಇಟ್ಟುಕೊಳ್ಳಬೇಕು. ಶಾಖೆಯ ಕೋಡಿಗೆ ಫಾರಿನ್ ಕೀ, ಅಂದರೆ ಶಾಖೆಗಳ ಟೇಬಲಿನಲ್ಲಿ ಇರುವ ಕೋಡ್ ಮಾತ್ರ ಬರಲಿ ಎಂಬ ನಿರ್ಬಂಧ, ಹಾಕುವ ಆಸೆಯನ್ನೂ ಇಲ್ಲಿ ತಡೆದುಕೊಳ್ಳಬೇಕು. ಹೊಸ ಶಾಖೆ ತೆರೆದು ಅದರ ಕೋಡನ್ನು ಫ್ರೆಶ್‌ಸರ್ವಿಸ್‌ಗೆ ಮಾತ್ರ ಸೇರಿಸಿದ ದಿನ ಆ ಶಾಖೆಯ ಎಲ್ಲ ಟಿಕೆಟ್‌ಗಳೂ ತಿರಸ್ಕೃತವಾಗುತ್ತವೆ. ಟಿಕೆಟ್ ಬಂದು ಬೀಳುವ ಟೇಬಲ್ ಸಡಿಲವಾಗಿರಲಿ, ಬಿಗಿ ವರದಿಯ ವ್ಯೂನಲ್ಲಿ (ಟೇಬಲಿನಂತೆ ಓದಬಹುದಾದ, ಉಳಿಸಿಟ್ಟ ಕ್ವೆರಿ) ಇರಲಿ.

ಏಳನೆಯದು ಗುರುತನ್ನು ಮುಂದೆ ಸರಿಸುವ ನೋಡ್. ಬರೆಯುವುದು ಎರಡನೇ ನೋಡ್ ಕೊಟ್ಟ 'ಈಗಿನ ಸಮಯ'ವನ್ನು, ಅಂದರೆ ಸುತ್ತು ಶುರುವಾದ ಹೊತ್ತನ್ನು, ಮುಗಿದ ಹೊತ್ತನ್ನಲ್ಲ. ಎನ್8ಎನ್‌ನಲ್ಲಿ ನೋಡ್ ಒಂದು ತನಗೆ ಬಂದ ಪ್ರತಿ ವಸ್ತುವಿಗೂ ಒಂದೊಂದು ಸಲ ಓಡುತ್ತದೆ. 40 ಟಿಕೆಟ್ ಬಂದರೆ ಗುರುತು 40 ಸಲ ಬರೆಯಲ್ಪಡುತ್ತದೆ. 'ಎಕ್ಸಿಕ್ಯೂಟ್ ಒನ್ಸ್' ಆಯ್ಕೆ ಹಾಕಿದರೆ ಒಂದೇ ಸಲ. ಟಿಕೆಟೇ ಬಾರದ ರಾತ್ರಿ ಹೊತ್ತಿನಲ್ಲಿ ಈ ನೋಡ್ ಓಡುವುದೇ ಇಲ್ಲ, ಗುರುತು ಹಳೆಯದಾಗಿಯೇ ಇರುತ್ತದೆ. ಅದು ತಪ್ಪಲ್ಲ. ಮುಂದಿನ ಸುತ್ತು ಇನ್ನಷ್ಟು ಹಿಂದಿನಿಂದ ಕೇಳುತ್ತದೆ, ಅಷ್ಟೆ.

ಹಳೆಯ ಟಿಕೆಟ್‌ಗಳು

ಎಪಿಐ ಪಟ್ಟಿ ತಾನಾಗಿ ಕೊಡುವುದು ಕಳೆದ 30 ದಿನಗಳಲ್ಲಿ ಹುಟ್ಟಿದ ಟಿಕೆಟ್‌ಗಳನ್ನು ಮಾತ್ರ. ಸಮಯ ಕೊಟ್ಟು ಕೇಳಿದರೆ ಹಳೆಯವೂ ಬರುತ್ತವೆ. ಆರ್ಥಿಕ ವರ್ಷದ ಏಪ್ರಿಲ್ 1ರಿಂದ ಕೇಳಿದರೆ ವರ್ಷಕ್ಕೆ 13,200 ಟಿಕೆಟ್, 132 ಪುಟ. ಇದನ್ನು ಹತ್ತು ನಿಮಿಷದ ವರ್ಕ್‌ಫ್ಲೋನಲ್ಲೇ ಮಾಡಬಾರದು. ಪೇಜಿನೇಶನ್ ಎಲ್ಲ ಪುಟಗಳನ್ನು ಮೆಮೊರಿಯಲ್ಲಿ ಗುಡ್ಡೆ ಹಾಕಿ ಆಮೇಲೆ ಮುಂದೆ ಕಳುಹಿಸುತ್ತದೆ. ಚಿಕ್ಕ ಯಂತ್ರ ನಡುವೆಯೇ ಉಸಿರು ಬಿಡುತ್ತದೆ, ಅಷ್ಟರಲ್ಲಿ ಮುಂದಿನ ಸುತ್ತೂ ಶುರುವಾಗಿರುತ್ತದೆ. ಬೇರೆ ವರ್ಕ್‌ಫ್ಲೋ ಮಾಡಿ, ಒಂದು ಪುಟ ತಂದು ಬರೆದು ಆಮೇಲೆ ಮುಂದಿನ ಪುಟಕ್ಕೆ ಹೋಗುವ ಲೂಪ್ ಹಾಕಬೇಕು. ನಿಮಿಷಕ್ಕೆ ಎಷ್ಟು ಸಲ ಕೇಳಬಹುದು ಎಂಬ ಮಿತಿ ಪ್ಲಾನಿನ ಮೇಲೆ ನಿಂತಿದೆ. ಮೀರಿದರೆ 'ಕೇಳಿದ್ದು ಹೆಚ್ಚಾಯಿತು' ಎನ್ನುವ 429 ಉತ್ತರ ಬರುತ್ತದೆ, ಎಷ್ಟು ಸೆಕೆಂಡ್ ಕಾಯಬೇಕೆಂದು ಅದರ ಹೆಡರಿನಲ್ಲೇ ಇರುತ್ತದೆ. ಹೋಟೆಲ್ ಮುಚ್ಚಿದ ಮೇಲೆ, ರಾತ್ರಿ ಹನ್ನೆರಡರ ನಂತರ ಓಡಿಸುವುದು ಲೇಸು. ಹಗಲು ಓಡಿಸಿದರೆ ಅದೇ ಮಿತಿಯನ್ನು ಹಂಚಿಕೊಳ್ಳುವ ಬೇರೆ ಜೋಡಣೆಗಳೂ ಪೆಟ್ಟು ತಿನ್ನುತ್ತವೆ.

ಯಶಸ್ವಿಯಾದ ಪ್ರತಿ ಸುತ್ತಿನ ಪೂರ್ತಿ ದತ್ತಾಂಶವನ್ನು ಎನ್8ಎನ್ ಉಳಿಸಿಕೊಳ್ಳುತ್ತದೆ, ಬದಲಿಸದಿದ್ದರೆ 336 ತಾಸು, ಅಂದರೆ 14 ದಿನ. ದಿನಕ್ಕೆ 144 ಸುತ್ತಿನ ವರ್ಕ್‌ಫ್ಲೋಗೆ ಯಶಸ್ವಿ ಸುತ್ತುಗಳನ್ನು ಉಳಿಸುವುದನ್ನು ನಿಲ್ಲಿಸಿ, ವಿಫಲವಾದವನ್ನು ಮಾತ್ರ ಇಡಬೇಕು. ಇಲ್ಲವಾದರೆ ಡೇಟಾಬೇಸಿನಿಂದ ಕಿತ್ತುಹಾಕಿದ ಗಿರಾಕಿಯ ಮೊಬೈಲ್ ನಂಬರು ಇಲ್ಲಿ ಎರಡು ವಾರ ಕೂತಿರುತ್ತದೆ.

ಬೆಳಗಿನ ಐದೂಕಾಲು

ಉಡುಪಿ ಹೋಟೆಲಿನ ದಿನ ಬೇಗ ಶುರುವಾಗುತ್ತದೆ. ಇಡ್ಲಿಯ ಮೊದಲ ಹಬೆ ಏರುವಾಗಲೇ ಗಲ್ಲಾದವರು ಕಂಪ್ಯೂಟರ್ ಹಚ್ಚಿ ಪ್ರಿಂಟರ್ ಪರೀಕ್ಷಿಸುತ್ತಾರೆ, ದಿನದ ಮೊದಲ ದೂರು ಆಗಲೇ ಬರುತ್ತದೆ. 2025ರ ಜುಲೈ 14, ಸೋಮವಾರ ಬೆಳಗ್ಗೆ 5:15ರ ದೂರು ಎಪಿಐಯಲ್ಲಿ ಜುಲೈ 13ರ 23:45 ಎಂದು ಬರುತ್ತದೆ, ಕೊನೆಯಲ್ಲಿ ಯುಟಿಸಿ (ನಮಗಿಂತ ಐದೂವರೆ ತಾಸು ಹಿಂದಿರುವ ಅಂತರರಾಷ್ಟ್ರೀಯ ಸಮಯ) ಎಂದು ಸೂಚಿಸುವ ಝಡ್ ಅಕ್ಷರ. ಕಾಲಂ ಟೈಮ್‌ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಆಗಿದ್ದರೆ ಪೋಸ್ಟ್‌ಗ್ರೆಸ್ ಆ ಝಡ್ ಅನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷ ಹೇಳುವುದಿಲ್ಲ. ಸೋಮವಾರದ ದೂರು ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ನಸುಕಿನ 5:30ರ ಒಳಗಿನ ಪ್ರತಿ ದೂರಿನ ಗತಿಯೂ ಇದೇ. ಬಿಲ್ಲಿಂಗ್ ದತ್ತಾಂಶ ಭಾರತೀಯ ಸಮಯದಲ್ಲಿರುವುದರಿಂದ ಎರಡನ್ನೂ ಹೊಂದಿಸಿದಾಗ ಬಿಲ್ ನಿಂತದ್ದು ಒಂದು ದಿನ, ಪ್ರಿಂಟರ್ ಕೆಟ್ಟದ್ದು ಇನ್ನೊಂದು ದಿನ ಎಂದು ಕಾಣುತ್ತದೆ.

ಟೈಮ್‌ಝೋನ್ ಸಹಿತ ಕಾಲಂ ಇದ್ದರೆ ಸಂಗ್ರಹ ಸರಿಯಾಗಿರುತ್ತದೆ. ಆದರೂ ದಿನದ ಪ್ರಕಾರ ಗುಂಪು ಮಾಡುವಾಗ 'ಏಷ್ಯಾ/ಕೋಲ್ಕತಾ'ಕ್ಕೆ ಬದಲಿಸಿಯೇ ದಿನಾಂಕ ತೆಗೆಯಬೇಕು. ಇದನ್ನು ಒಂದು ವ್ಯೂನಲ್ಲಿ ಒಮ್ಮೆ ಬರೆದು, ವರದಿ ಮಾಡುವವರಿಗೆಲ್ಲ ಆ ವ್ಯೂ ಮಾತ್ರ ಕೊಡುವುದು ಜಾಣತನ.

ಅಳಿಸಿದ ಟಿಕೆಟ್, ನಿಂತುಹೋದ ಯಂತ್ರ

ಫ್ರೆಶ್‌ಸರ್ವಿಸ್‌ನಲ್ಲಿ ಅಳಿಸಿದ ಟಿಕೆಟ್ ಸಾಧಾರಣ ಪಟ್ಟಿಯಲ್ಲಿ ಬರುವುದಿಲ್ಲ. ಡೇಟಾಬೇಸಿನಲ್ಲಿ ಮಾತ್ರ ಅದು ಕೊನೆಯದಾಗಿ ಕಂಡಂತೆ ತೆರೆದೇ ಇರುತ್ತದೆ, ತಿಂಗಳುಗಟ್ಟಲೆ. ರಾತ್ರಿಗೊಮ್ಮೆ ಓಡುವ ಎರಡನೇ ವರ್ಕ್‌ಫ್ಲೋ, ಡೇಟಾಬೇಸಿನಲ್ಲಿ 2 ಅಥವಾ 3ರ ಸ್ಟೇಟಸ್‌ನಲ್ಲಿದ್ದು 24 ತಾಸಿನಿಂದ ಬದಲಾಗದ ಟಿಕೆಟ್‌ಗಳನ್ನು ಹೆಕ್ಕಿ ಒಂದೊಂದಾಗಿ ಎಪಿಐಯಲ್ಲಿ ಕೇಳುತ್ತದೆ. 'ಸಿಗಲಿಲ್ಲ' ಎನ್ನುವ 404 ಉತ್ತರ ಬಂದರೆ, ಇಲ್ಲವೇ ಅಳಿಸಲಾಗಿದೆ ಎಂಬ ಗುರುತು ಬಂದರೆ, 'ಅಳಿಸಿದ ಸಮಯ' ಕಾಲಂ ತುಂಬುತ್ತದೆ. ಸಾಲನ್ನು ತೆಗೆಯುವುದಿಲ್ಲ. ಎಚ್‌ಟಿಟಿಪಿ ನೋಡ್‌ನಲ್ಲಿ 'ನೆವರ್ ಎರರ್' ಹಾಕಿರಬೇಕು, ಇಲ್ಲದಿದ್ದರೆ ಮೊದಲ 404ಕ್ಕೇ ಇಡೀ ಸುತ್ತು ಬೀಳುತ್ತದೆ.

ದೋಷ ಬಂದಾಗ ಇಮೇಲ್ ಕಳುಹಿಸುವ ಎರರ್ ವರ್ಕ್‌ಫ್ಲೋ ಇದೆ. ಅದು ತಾನಾಗಿ ಓಡಿದ ಸುತ್ತುಗಳಿಗೆ ಮಾತ್ರ, ಕೈಯಿಂದ ಪರೀಕ್ಷಿಸುವಾಗ ಎಚ್ಚರವಾಗುವುದಿಲ್ಲ. ಪರೀಕ್ಷೆಯಲ್ಲಿ ಇಮೇಲ್ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಆದರೆ ಯಂತ್ರವೇ ಆರಿಹೋದರೆ ಎರರ್ ವರ್ಕ್‌ಫ್ಲೋ ಕೂಡ ಆರಿರುತ್ತದೆ. ಅದಕ್ಕಾಗಿ ಇನ್ನೊಂದು ಪುಟ್ಟ ವರ್ಕ್‌ಫ್ಲೋ, 10 ನಿಮಿಷಕ್ಕೊಮ್ಮೆ ಡೇಟಾಬೇಸನ್ನು ಮುಟ್ಟಿ ನೋಡಿ, ಹೆಲ್ತ್‌ಚೆಕ್ಸ್ ಎಂಬ ಹೊರಗಿನ ಸೇವೆಗೆ "ಬದುಕಿದ್ದೇನೆ" ಎಂದು ತಿಳಿಸುತ್ತದೆ. 30 ನಿಮಿಷ ಆ ಸದ್ದು ಬಾರದಿದ್ದರೆ ಆ ಸೇವೆಯೇ ತಂಡಕ್ಕೆ ಇಮೇಲ್ ಕಳುಹಿಸುತ್ತದೆ.

ಧಣಿಗಳ ಪ್ರಶ್ನೆಗೆ ಬಂದರೆ

ಶಾಖೆವಾರು ಪ್ರಿಂಟರ್ ಟಿಕೆಟ್ ಎಣಿಕೆ ಒಂದು ಕ್ವೆರಿಯ ಕೆಲಸ. ಅದನ್ನೇ ಹಿಡಿದು ಎಎಂಸಿಯವರ ಮುಂದೆ ಕೂತರೆ ಸೋಲು ಖಂಡಿತ. 'ಪ್ರಿಂಟರ್' ಎಂದು ದಾಖಲಾದದ್ದೆಲ್ಲ ಪ್ರಿಂಟರಿನ ದೋಷವಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಅಡುಗೆಮನೆಯ ಪ್ರಿಂಟರನ್ನು ಅದರ ಐಪಿ ವಿಳಾಸದಿಂದ ಹುಡುಕುತ್ತದೆ. ಕರೆಂಟು ಹೋಗಿ ರೌಟರ್ ಮತ್ತೆ ಹೊತ್ತಿಕೊಂಡಾಗ ಪ್ರಿಂಟರಿಗೆ ಬೇರೆ ಐಪಿ ಸಿಕ್ಕಿದರೆ ಗಲ್ಲಾದಲ್ಲಿ 'ಪ್ರಿಂಟರ್ ಆಫ್‌ಲೈನ್' ಎಂದು ಬರುತ್ತದೆ. ಪ್ರಿಂಟರ್ ಮಾತ್ರ ಕಲ್ಲುಗುಂಡಿನಂತೆ ಗಟ್ಟಿಯಾಗಿರುತ್ತದೆ.

ಬೇರ್ಪಡಿಸುವ ಕ್ವೆರಿ ಹೀಗೆ: ಟಿಕೆಟ್ ಟೇಬಲನ್ನು ಅದಕ್ಕೇ ಜೋಡಿಸಿ, ಅದೇ ಶಾಖೆಯಲ್ಲಿ ನೆಟ್‌ವರ್ಕ್ ಅಥವಾ ಕರೆಂಟಿನ ದೂರು ಬಂದ 30 ನಿಮಿಷದೊಳಗೆ ತೆರೆದ ಪ್ರಿಂಟರ್ ಟಿಕೆಟ್‌ಗಳನ್ನು ಒಂದು ಗುಂಪು ಮಾಡುವುದು. ಆ ಗುಂಪಿನ ಮದ್ದು ಎಎಂಸಿಯಲ್ಲಿಲ್ಲ, ರೌಟರಿನಲ್ಲಿದೆ: ಪ್ರತಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಯಂತ್ರಕ್ಕೆ ಅಂಟಿಕೊಂಡ ಬದಲಾಗದ ಗುರುತು) ಒಂದು ಐಪಿಯನ್ನು ಕಾಯ್ದಿರಿಸಿದರೆ ಮುಗಿಯಿತು, ಶಾಖೆಗೆ ಹತ್ತು ನಿಮಿಷದ ಕೆಲಸ. ಉಳಿದ ಗುಂಪಿನಲ್ಲಿ ಪ್ರಿಂಟರಿನದೇ ರೋಗಗಳು ಸಿಗುತ್ತವೆ. ಕಟರ್ ಸಿಕ್ಕಿಕೊಳ್ಳುವುದು, ಅಕ್ಷರ ಮಸುಕಾಗುವುದು, ಅಡುಗೆಮನೆಯ ಹಬೆ ಎಣ್ಣೆಜಿಡ್ಡಿಗೆ ಥರ್ಮಲ್ ಹೆಡ್ ಮೇಲೆ ಪದರ ಕೂರುವುದು. ಇಡ್ಲಿ ಸ್ಟೀಮರಿನ ಪಕ್ಕದ ಪ್ರಿಂಟರಿಗೂ ತಿಂಡಿ ಹೊರಗೆ ಕೊಡುವ ಪಾಸ್ ಕಿಟಕಿಯ ಬಳಿಯದಕ್ಕೂ ವ್ಯತ್ಯಾಸವಿದೆಯೇ ಎಂದು ನೋಡಲು ಪ್ರಿಂಟರ್ ಪಟ್ಟಿಯಲ್ಲಿ 'ಇಟ್ಟ ಜಾಗ' ಎಂಬ ಒಂದು ಕಾಲಂ ಸೇರಿಸಿದರೆ ಸಾಕು. ಇದಕ್ಕೆ ಟಿಕೆಟ್ ಮುಚ್ಚುವಾಗ 'ನಿಜವಾದ ಕಾರಣ' ತುಂಬಿರಬೇಕು. ಅದನ್ನು ಫ್ರೆಶ್‌ಸರ್ವಿಸ್‌ನಲ್ಲಿ ಮುಚ್ಚುವ ವೇಳೆಗೆ ಕಡ್ಡಾಯ ಮಾಡಿ, ಆಯ್ಕೆಗಳನ್ನು ಏಳೆಂಟರ ಒಳಗೆ ಇಡಬೇಕು. ಇಪ್ಪತ್ತು ಕೊಟ್ಟರೆ ಊಟದ ರಶ್ಶಿನಲ್ಲಿ ಎಲ್ಲರೂ ಮೊದಲನೆಯದನ್ನೇ ಒತ್ತುತ್ತಾರೆ.

ನಿಂತ ಬಿಲ್ಲಿನ ಅಂದಾಜಿಗೆ ಟಿಕೆಟ್ ತೆರೆದ ಹೊತ್ತಿನಿಂದ ಪರಿಹಾರದ ಹೊತ್ತಿನವರೆಗೆ ಆ ಕೌಂಟರಿನಲ್ಲಿ ಆದ ಬಿಲ್‌ಗಳನ್ನು, ಹಿಂದಿನ ನಾಲ್ಕು ವಾರಗಳಲ್ಲಿ ಅದೇ ದಿನದ (ಸೋಮವಾರವಾದರೆ ಸೋಮವಾರದ), ಅದೇ ಹೊತ್ತಿನ ಸರಾಸರಿಯೊಂದಿಗೆ ಹೋಲಿಸಬೇಕು. ಗಣೇಶ ಚತುರ್ಥಿ, ದಸರಾ ವಾರಗಳನ್ನು ಈ ಸರಾಸರಿಯಿಂದ ಹೊರಗಿಡಬೇಕು.

ವಾಪಸ್ ಬರೆಯುವುದು

ಪ್ರಿಂಟರಿನ ಎಎಂಸಿ ಮುಗಿಯುವ ದಿನಾಂಕವನ್ನು ಡೇಟಾಬೇಸಿನಿಂದ ಟಿಕೆಟಿಗೆ ತುಂಬಿದರೆ ಚೆನ್ನ ಎಂಬ ಬೇಡಿಕೆ ಕೂಡಲೇ ಬರುತ್ತದೆ. ಮಾಡಬಹುದು, ಆದರೆ ಎಚ್ಚರ. ಟಿಕೆಟಿಗೆ ಬರೆದ ಕೂಡಲೇ ಅದರ ಬದಲಾವಣೆಯ ಸಮಯ ಹೊಸದಾಗುತ್ತದೆ. ಮುಂದಿನ ಸುತ್ತು ಅದನ್ನು ಎಳೆದು ತರುತ್ತದೆ, ತಂದದ್ದಕ್ಕೆ ಮತ್ತೆ ಬರೆಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಇದೇ ಸುತ್ತು. ಏಜೆಂಟುಗಳ ಪರದೆಯಲ್ಲಿ ಟಿಕೆಟ್‌ಗಳು ಕಾರಣವಿಲ್ಲದೆ ಮೇಲೆ ಬರುತ್ತವೆ, ಎಪಿಐ ಮಿತಿ ಸವೆಯುತ್ತದೆ. ಬರೆಯುವ ಮುಂಚೆ ಟಿಕೆಟಿನಲ್ಲಿರುವ ದಿನಾಂಕವನ್ನು ಡೇಟಾಬೇಸಿನದರೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ಮಾತ್ರ ಬರೆಯುವ 'ಇಫ್' ನೋಡ್ ಇರಲೇಬೇಕು. ಹೋಲಿಸುವಾಗ ಎರಡೂ ಬದಿಯ ದಿನಾಂಕ ಒಂದೇ ರೂಪದಲ್ಲಿರಲಿ. ಒಂದರಲ್ಲಿ ಬರೀ ದಿನಾಂಕ, ಇನ್ನೊಂದರಲ್ಲಿ ಸಮಯ ಸಹಿತ ಇದ್ದರೆ ಎಂದಿಗೂ ಹೊಂದುವುದಿಲ್ಲ, ಸುತ್ತೂ ನಿಲ್ಲುವುದಿಲ್ಲ. ಮುಚ್ಚಿದ ಟಿಕೆಟ್‌ಗಳನ್ನು ಮುಟ್ಟಬಾರದು. ಮೊದಲ ವಾರ ಒಂದೇ ಶಾಖೆಯ ಕೋಡಿಗೆ ಮಾತ್ರ ಚಾಲು ಮಾಡಿ, ದಿನಕ್ಕೆ ಎಷ್ಟು ಸಲ ವಾಪಸ್ ಬರೆಯಿತು ಎಂದು ಒಂದು ಟೇಬಲಿನಲ್ಲಿ ಎಣಿಸಿಟ್ಟುಕೊಳ್ಳಬೇಕು. ಎಣಿಕೆ ಆ ಶಾಖೆಯ ದಿನದ ಹೊಸ ಟಿಕೆಟ್ ಸಂಖ್ಯೆಗಿಂತ ಹೆಚ್ಚಾಯಿತೆಂದರೆ ವರ್ಕ್‌ಫ್ಲೋ ನಿಲ್ಲಿಸಿ 'ಇಫ್' ನೋಡ್ ಅನ್ನು ಮೊದಲು ತೆರೆದು ನೋಡಬೇಕು.